ಮದ್ದಿಲ್ಲದ ದಡ

“ಸೊನ್ನೆ,” ಎಂದ ಅಂಕಿಅಂಶ ತಜ್ಞ ಎಲ್ಡನ್ ಕ್ರೌಚ್. “ಈ ಮದ್ದಿನಿಂದ ಆಗಿರೋ ಉಪಯೋಗ ಸೊನ್ನೆ.”

ಮದ್ದು ಹಂಚಿಕೆಯ ತೀರ್ಮಾನಕ್ಕೆ ಸೇರಿದ್ದ ಸಮಿತಿಯ ಸದಸ್ಯರು ತಲೆಯಾಡಿಸಿದರು. ಒಂದಕ್ಷರ ಅರ್ಥವಾಗದಿದ್ದರೂ ತಲೆಯಾಡಿಸುವ ಇಂಥವರಿಗೆ ವಿವರಿಸಬೇಕಾಯಿತಲ್ಲ ಎಂದು ಎಲ್ಡನ್‌ಗೆ ಒಳಗೊಳಗೇ ಅಸಹ್ಯ. ಅಬ್ಬಾ, ಅವನ ಗತ್ತೇ!

ನಶೆ ಹೆಚ್ಚಾಗಿ ಉಸಿರು ನಿಂತವರ ಮೂಗಿಗೆ ಸಿಂಪಡಿಸಿ ಜೀವ ಉಳಿಸುವ ಮದ್ದನ್ನು ನದಿಯ ಈಚೆ ದಡದ ಪೊಲಾರ್ಡ್ ಕೌಂಟಿಯ ಜಿಲ್ಲಾಡಳಿತ ಪುಕ್ಕಟೆ ಹಂಚುತ್ತಿತ್ತು. ಸಾವು ಇಳಿದಿತ್ತು, ನಿಜ. ಆದರೆ ಮದ್ದು ಹಂಚದ ಆಚೆ ದಡದ ಟರ್ಲಿ ಕೌಂಟಿಯಲ್ಲೂ ಅಷ್ಟೇ ಇಳಿದಿತ್ತು. ಎರಡನ್ನೂ ಹೋಲಿಸಿದರೆ ಮದ್ದಿನ ಪಾಲು ಏನೂ ಇಲ್ಲ.

ಟರ್ಲಿಯ ಪೊಲೀಸ್ ಮುಖ್ಯಸ್ಥ ಷೆರಿಫ್ ಬರ್ಲ್ ಟ್ಯಾಕೆಟ್ ಹೆಂಡತಿ ಓರ್ಲೀನಾಳ ಜೊತೆ ಬಂದು ಸಾಕ್ಷಿ ಹೇಳಿದ. “ನನ್ನ ಕೌಂಟಿಯೊಳಗೆ ಆ ಮದ್ದಿನ ಒಂದು ಹನೀನೂ ಬಿಟ್ಟಿಲ್ಲ. ಸಾಯೋರು ಸಾಯ್ಲಿ.” ಅವನಿಗೆ ಚುನಾವಣೆ ಹತ್ತಿರವಿತ್ತು. ಪತ್ರಿಕೆಯವರು ಬರೆದುಕೊಂಡದ್ದನ್ನು ನೋಡಿ, ತೀರ್ಮಾನಕ್ಕೂ ಕಾಯದೆ ಎದ್ದು ಹೋದ. ಈ ಒರಟನ ಒಂದು ಮಾತು ತನ್ನ ಲೆಕ್ಕಕ್ಕೆ ಸಾಕು ಎಂದು ಎಲ್ಡನ್ ಬೀಗಿದ. ಹಂಚಿಕೆ ಅಂದೇ ನಿಲ್ಲಬೇಕೆಂದು ಸಮಿತಿ ಹೇಳಿತು.

ಸಂಜೆ ಸುದ್ದಿ ಮುಟ್ಟಿಸಲು ಮದ್ದು ಹಂಚುವ ಕೊಠಡಿಗೆ ಎಲ್ಡನ್ ತಾನೇ ಹೋದ. ಕೇಳಿದ್ದೇ ನರ್ಸ್ ಮಾರ್ವಾ ಅತ್ತುಬಿಟ್ಟಳು. ಇದೇ ಮದ್ದು ಅವಳ ತಮ್ಮನನ್ನು ಎರಡು ಸಲ ಉಳಿಸಿತ್ತು.

“ನಾಳೆ ಅವನು ಬಿದ್ರೆ ನಾನೇನ್ ಮಾಡ್ಲಿ ಸಾರ್? ನಿಮ್ಮ ಲೆಕ್ಕಾನ ಮೂಗಿಗೆ ಹಿಡೀಲಾ?”

ಅಳುಬುರುಕರ ಜೊತೆ ಏನು ವಾದ ಎಂದು ಎಲ್ಡನ್ ಮೂಗು ಮುರಿದ. ಮದ್ದು ಯಾರ ಕೈ ಸೇರುತ್ತದೆಂದಾದರೂ ಗೊತ್ತೇ ಎಂದು ಕೇಳಿದ. ಹೆಸರು, ಊರು ಕೇಳುವುದಿಲ್ಲ, ಕೇಳಿದರೆ ಪೊಲೀಸರ ಭಯಕ್ಕೆ ಯಾರೂ ಬರುವುದಿಲ್ಲ ಎಂದಳು ಅವಳು. ಇಷ್ಟು ದಡ್ಡತನದ ಏರ್ಪಾಡು ಮುಚ್ಚಿದ್ದೇ ಒಳ್ಳೆಯದಾಯಿತು ಅನ್ನಿಸಿತು ಅವನಿಗೆ.

ಅಷ್ಟರಲ್ಲಿ ಕಿಟಕಿಯಾಚೆಯಿಂದ ಒಬ್ಬ ಹೆಂಗಸು ಕೈ ಚಾಚಿದಳು.

“ಅಕ್ಕಾ, ಎಂದಿನ ಹಾಗೆ ಎರಡು ಪೆಟ್ಟಿಗೆ ಕೊಡಿ. ಬೇಗ. ನಮ್ಮೆಜಮಾನ್ರು ಕಾಯ್ತಿದಾರೆ, ನದಿ ದಾಟಿ ಹೋಗಿ ಹಂಚ್ಬೇಕು.”

ಎಲ್ಡನ್ ಬಗ್ಗಿ ನೋಡಿದ. ಕೈ ಚಾಚಿದ್ದವಳು ಓರ್ಲೀನಾ. ಅವಳ ಹಿಂದೆ, ಕಾರಿನ ಡಿಕ್ಕಿ ತೆರೆದಿಟ್ಟುಕೊಂಡು ನಿಂತಿದ್ದವನು ಷೆರಿಫ್ ಬರ್ಲ್ ಟ್ಯಾಕೆಟ್.