ಆಕೆ ಯಾಕೆ ನೀರು ಕುಡಿಯುತ್ತಿರಲಿಲ್ಲ?

ರಾಣೆಬೆನ್ನೂರಿನ ಹೊರವಲಯದಲ್ಲಿ ಒಂದು ಬೀಜದ ಕಂಪನಿ... ತಗಡಿನ ಶೆಡ್ಡಿನಲ್ಲಿ ಕೂತು ಹೆಣ್ಣುಮಕ್ಕಳು ಮೆಣಸಿನಕಾಯಿ ಬೀಜ, ಟೊಮೆಟೊ ಬೀಜ ಆರಿಸಿ ಪ್ಯಾಕ್ ಮಾಡುತ್ತಾರೆ.

ಅಲ್ಲಿಗೆ ಅರ್ಪಿತಾ ಹೊಸದಾಗಿ ಕೆಲಸಕ್ಕೆ ಸೇರಿದಳು. ಅರ್ಪಿತಾ ಮಂಗಳಮುಖಿ.

ಮಾಲೀಕರು ಬೊಕೆ ಕೊಟ್ಟರು. ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿದರು. "ನಮ್ಮಲ್ಲಿ ಎಲ್ಲರಿಗೂ ಸಮಾನ ಅವಕಾಶ" ಎಂದು ಫೇಸ್‌ಬುಕ್ಕಿಗೆ ಹಾಕಿದರು. ಲೈಕುಗಳ ಮೇಲೆ ಲೈಕು...

ಆಮೇಲೆ ಅವರು ಶೆಡ್ಡಿನ ಕಡೆ ತಲೆಯನ್ನೂ ಹಾಕಲಿಲ್ಲ.

ಆ ಶೆಡ್ಡಿನಲ್ಲಿ ನೀಲವ್ವನೇ ಹಿರಿಯಳು. ಆಕೆ ಹೇಳಿದ್ದೇ ಮಾತು. ಅರ್ಪಿತಾ ಬಂದ ದಿನವೇ ನೀಲವ್ವ ನಾಲ್ಕು ಜನರನ್ನು ಕಟ್ಟಿಕೊಂಡು ಸೂಪರ್‌ವೈಸರ್ ಹತ್ತಿರ ಹೋದಳು.

"ಆಕಿ ನಮ್ಮ ಪಾಯಖಾನಿಗೆ ಕಾಲಿಟ್ರ ನಾಳಿಂದ ನಾವ್ಯಾರೂ ಕೆಲಸಕ್ಕ ಬರೂದಿಲ್ಲ ನೋಡ್ರಿ ಸರ್."

ಸೂಪರ್‌ವೈಸರ್‌ಗೆ ಕೆಲಸ ನಡೆದರೆ ಸಾಕಿತ್ತು. ಅರ್ಪಿತಾಳನ್ನು ಕರೆದು, ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಎಂದುಬಿಟ್ಟ.

ಆಕೆ ಒಮ್ಮೆ ಗಂಡಸರ ಟಾಯ್ಲೆಟ್ಟಿಗೆ ಹೋದಳು... ಹೊರಗಿನಿಂದ ಬಾಗಿಲು ಬಡಿದರು, ನಕ್ಕರು. ಒಬ್ಬ ಮೊಬೈಲ್ ಹಿಡಿದು ನಿಂತಿದ್ದ.

ಮತ್ತೆ ಆ ಕಡೆ ಆಕೆ ಹೋಗಲಿಲ್ಲ.

ಊಟಕ್ಕೆ ಆಕೆ ಕೂತ ಸಾಲಿನಿಂದ ಎಲ್ಲರೂ ಬುತ್ತಿ ಎತ್ತಿಕೊಂಡು ಏಳುತ್ತಿದ್ದರು. ಆಕೆ ಮುಟ್ಟಿದ ಮೊರವನ್ನು ಯಾರೂ ಮುಟ್ಟುತ್ತಿರಲಿಲ್ಲ. ಬೆನ್ನ ಹಿಂದೆ ಹಳೆಯ ಗಂಡು ಹೆಸರು ಹಿಡಿದು ಕೂಗಿ ಕಿಸಕಿಸ ನಗುತ್ತಿದ್ದರು.

ಅರ್ಪಿತಾ ತಿರುಗಿ ಒಂದು ಮಾತೂ ಆಡಲಿಲ್ಲ. ಟೋಲ್‌ಗೇಟಿನಲ್ಲಿ ಕೈಚಾಚುವುದನ್ನು ಬಿಟ್ಟು ಬಂದವಳು... ಈ ಕೆಲಸ ಹೋದರೆ ಮತ್ತೆ ಅಲ್ಲಿಗೇ ಹೋಗಬೇಕು.

ಏಪ್ರಿಲ್ ಬಿಸಿಲು. ತಗಡು ಕಾದು ಶೆಡ್ಡು ಒಲೆಯಂತಾಗಿತ್ತು. ಮಧ್ಯಾಹ್ನ ಚೀಲ ಎತ್ತಲು ಹೋದ ಅರ್ಪಿತಾ ಅಲ್ಲೇ ಕುಸಿದು ಬಿದ್ದಳು.

ಒಬ್ಬರೂ ಮುಟ್ಟಲಿಲ್ಲ... ಸುತ್ತ ನಿಂತು ನೋಡಿದರು.

ಕೊನೆಗೆ ಸೂಪರ್‌ವೈಸರ್ ಆಟೋ ಕರೆಸಿ, ಡ್ರೈವರ್ ಜೊತೆ ಸೇರಿ ಅರ್ಪಿತಾಳನ್ನು ಎತ್ತಿ ಕೂರಿಸಿದ; ಹಿರಿಯಳು ನೀನೇ ಆಸ್ಪತ್ರೆಗೆ ಜೊತೆಗೆ ಹೋಗು ಎಂದು ನೀಲವ್ವನಿಗೆ ಹೇಳಿದ. ಗೊಣಗುತ್ತಲೇ ಆಕೆ ಆಟೋ ಹತ್ತಿದಳು. ಸೆರಗು ತಾಗದಂತೆ ಮೂಲೆಗೆ ಸರಿದು ಕೂತಳು.

ಆಸ್ಪತ್ರೆಯಲ್ಲಿ ಇನ್ನೊಂದು ರಗಳೆ.

ಗಂಡಸರ ವಾರ್ಡಿನವರು ಇಲ್ಲಿ ಬೇಡ ಎಂದರು. ಹೆಂಗಸರ ವಾರ್ಡಿನವರು ಇಲ್ಲೂ ಬೇಡ ಎಂದರು. ಜ್ವರದಿಂದ ನಡುಗುತ್ತಿದ್ದ ಅರ್ಪಿತಾಳ ಸ್ಟ್ರೆಚರ್ ವರಾಂಡದಲ್ಲೇ ನಿಂತಿತು. ಹೋಗಿ ಬರುವವರೆಲ್ಲ ಬಗ್ಗಿ ನೋಡಿ ನಗುತ್ತಿದ್ದರು.

ಶೆಡ್ಡಿನಲ್ಲಿ ತಾನೂ ಹೀಗೇ ನಕ್ಕಿದ್ದಳು ನೀಲವ್ವ. ಆದರೆ ಈಗ ಯಾಕೋ ಆ ನಗು ಕೇಳಲಾಗಲಿಲ್ಲ...

ಅಷ್ಟರಲ್ಲಿ ಡಾಕ್ಟರಮ್ಮ ಬಂದು ವರಾಂಡದಲ್ಲೇ ಪರೀಕ್ಷೆ ಮಾಡಿದರು. ಮೂತ್ರಪಿಂಡಕ್ಕೆ ಸೋಂಕು ಏರಿದೆ, ಮೈಯಲ್ಲಿ ನೀರೇ ಇಲ್ಲ, ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು. ಕೆಲಸದ ಜಾಗದಲ್ಲಿ ಕುಡಿಯಲು ನೀರು ಕೊಡುವುದಿಲ್ಲವೇ ಎಂದು ನೀಲವ್ವನನ್ನೇ ಗದರಿದರು.

ನೀಲವ್ವನಿಗೆ ಸಿಟ್ಟು ಬಂತು. ಫಿಲ್ಟರ್ ನೀರು ಶೆಡ್ಡಿನಲ್ಲೇ ಇತ್ತಲ್ಲ! ಸ್ಟ್ರೆಚರ್ ಕಡೆ ತಿರುಗಿ ಕೇಳಿದಳು.

"ಅಷ್ಟು ನೀರು ಇಟ್ಟಾರ. ಯಾಕ ಕುಡೀಲಿಲ್ಲ ನೀನು?"

ಅರ್ಪಿತಾ ಕಣ್ಣು ಬಿಟ್ಟು, ಕಷ್ಟಪಟ್ಟು ಹೇಳಿದಳು.

"ಕುಡಿದ್ರ... ಆಮ್ಯಾಲ ಎಲ್ಲಿಗೆ ಹೋಗ್ಲಿ ಅಕ್ಕಾ?"

ನೀಲವ್ವನಿಗೆ ತನ್ನ ಹಳೆಯ ದಿನಗಳು ನೆನಪಾದವು.

ಮದುವೆಯಾಗಿ ಬಂದ ಹೊಸದರಲ್ಲಿ ಆಕೆಯ ಮನೆಯಲ್ಲೂ ಪಾಯಖಾನೆ ಇರಲಿಲ್ಲ. ಕತ್ತಲಾಗುವವರೆಗೂ ಕಾಯಬೇಕು... ಅದಕ್ಕೇ ಬಾಯಿ ಒಣಗಿದರೂ ನೀರು ಮುಟ್ಟುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಎಷ್ಟು ಸಲ ಅತ್ತಿದ್ದಳೋ.

ಆ ಸಂಕಟ ಏನೆಂದು ಗೊತ್ತಿದ್ದವಳೇ ಅದನ್ನು ಇನ್ನೊಬ್ಬಳಿಗೆ ಕೊಟ್ಟಿದ್ದಳು!

ಆಸ್ಪತ್ರೆಯ ಆಯಾ ಬಂದು ಕೇಳಿದಳು... ಇದನ್ನ ಯಾವ ವಾರ್ಡಿಗೆ ಹಾಕೋದು, ಇದರ ಕಡೆಯವರು ಯಾರು?

ನೀಲವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಸ್ಟ್ರೆಚರಿಗೆ ಕೈ ಹಾಕಿದಳು.

"‘ಇದು’ ಅನಬ್ಯಾಡವಾ. ಆಕಿ ನಮ್ಮಕಿ. ಹೆಣ್ಣಮಕ್ಕಳ ವಾರ್ಡಿಗೇ ಹಾಕ್ರಿ."

ವಾರ್ಡಿನಲ್ಲಿ ಎದ್ದ ಗಲಾಟೆಗೆ ನೀಲವ್ವನೇ ಎದೆಕೊಟ್ಟು ನಿಂತಳು. ಅರ್ಪಿತಾ ಆಕೆಯ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತಳು.

ಗುಣವಾಗಿ ಅರ್ಪಿತಾ ಕೆಲಸಕ್ಕೆ ಬಂದ ದಿನ ಶೆಡ್ಡಿನವರ ಮುಖ ಮತ್ತೆ ಗಂಟಾಯಿತು. ನೀಲವ್ವ ಎಲ್ಲರೆದುರೇ ಆಕೆಯ ಕೈ ಹಿಡಿದು ಹೆಂಗಸರ ಟಾಯ್ಲೆಟ್ಟಿನ ತನಕ ಕರೆದೊಯ್ದಳು.

ಇಬ್ಬರು ಬಾಗಿಲಿಗೆ ಅಡ್ಡ ಬಂದರು. ನಿನಗೇನು ತಲೆ ಕೆಟ್ಟಿದೆಯಾ, ಮೊದಲು ಬೇಡ ಅಂದವಳು ನೀನೇ ಅಲ್ಲವಾ ಎಂದು ಜಗಳಕ್ಕೆ ನಿಂತರು.

"ಹೌದು, ಈ ಬಾಗಲಾ ಮುಚ್ಚಿದಾಕಿ ನಾನ. ಅದಕ್ಕ ನಾನ ತೆಗಿಯಾಕತ್ತೀನಿ. ಸರೀರಿ."

ಅವರು ಬೈದುಕೊಳ್ಳುತ್ತಲೇ ಸರಿದರು.

ಆ ದಿನ ಊಟದ ಸಾಲಿನಲ್ಲಿ ಇದ್ದದ್ದು ಇಬ್ಬರೇ... ಅರ್ಪಿತಾ ಮತ್ತು ನೀಲವ್ವ. ಹಳೆಯ ಗೆಳತಿಯರು ಬುತ್ತಿ ಎತ್ತಿಕೊಂಡು ದೂರ ಹೋದರು. ನೀಲವ್ವ ರೊಟ್ಟಿ ಮುರಿದು ಅರ್ಧ ಅರ್ಪಿತಾಳ ಕೈಗಿಟ್ಟಳು.

ಇವತ್ತಿಗೂ ಅಲ್ಲಿ ಕೆಲವರು ಅವರಿಬ್ಬರ ಜೊತೆ ಮಾತಾಡುವುದಿಲ್ಲ.

ಆದರೆ ಆ ಬಾಗಿಲಿಗೆ ಅಡ್ಡ ನಿಲ್ಲುವ ಧೈರ್ಯ ಮಾತ್ರ ಯಾರೂ ಮಾಡಿಲ್ಲ.

.
.

*ಕೆಲಸ ಕೊಟ್ಟರೆ ಸಾಲದು... ಜಾಗ ಕೊಡಬೇಕು.*

ನಿಮ್ಮ ಆಫೀಸಿನಲ್ಲಿ, ನಿಮ್ಮ ಪಕ್ಕದಲ್ಲೇ, ಯಾರಾದರೂ ಬಾಯಾರಿಕೆ ತಡೆದುಕೊಂಡು ಕೂತಿದ್ದಾರಾ... ಒಮ್ಮೆಯಾದರೂ ಕೇಳಿದ್ದೀರಾ?