ಉಪ್ಪುನೀರಿನ ಗುಂಡಿ

ಸರಣ್ಯಾ ಕೊಡದ ನೀರನ್ನು ಗುಂಡಿಗೆ ಸುರಿದಳು. ಅತ್ತೆ ಮಾದಿ ಅದರಲ್ಲಿ ಕಲ್ಲುಪ್ಪು ಕರಗಿಸಿ, ಮೇಲೆ ಹಸಿ ಹುಲ್ಲು ಹರಡಿ ಕೈಮುಗಿದಳು. ದನಗಳಿಗೆ ಉಪ್ಪುನೀರು ಕುಡಿಸುವ ಹಬ್ಬ ಅದು. ಆದರೆ ಮನೆಯ ಕೊನೆಯ ಎಮ್ಮೆಯನ್ನು ಮಾರಿ ವರ್ಷಗಳಾಗಿದ್ದವು. ಅದು ಮೇಯುತ್ತಿದ್ದ ಹುಲ್ಲುಗಾವಲಿನಲ್ಲಿ ಈಗ ಚಹಾ ಗಿಡಗಳಿದ್ದವು. ಅರವಂಕಾಡಿನ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಬೆಳೆದು, ಮದುವೆಯಾಗಿ ಈ ಹಟ್ಟಿಗೆ ಬಂದ ಸರಣ್ಯಾಳಿಗೆ ಎಲ್ಲವೂ ಹೊಸದು.

“ಮಾಮಿ, ದನವೇ ಇಲ್ಲೆ. ಈ ನೀರು ಆರಿಗೆ?”

“ನಿನ್ನ ಗಂಡನೂ ಅದನ್ನೇ ಕೇಳಿದ. ಈ ವರ್ಷದ್ದೇ ಕೊನೆ, ಇನ್ನು ಸಾಕು ಮಾಡು ಅಂದ,” ಎಂದಳು ಮಾದಿ. “ನಾನೂ ಆಗಲಿ ಅಂದೆ.”

ಇಬ್ಬರೂ ಮನೆಯ ಕಡೆ ತಿರುಗಿದಾಗ ಹಿಂದೆ ಚಹಾ ಗಿಡಗಳು ಅಲುಗಾಡಿದವು. ಕಾಡೆಮ್ಮೆಯೊಂದು ತನ್ನ ಕರುವಿನೊಂದಿಗೆ ಇಳಿದು ಬರುತ್ತಿತ್ತು. ಸರಣ್ಯಾ ಕೂಗಲು ಬಾಯಿ ತೆರೆಯುವಷ್ಟರಲ್ಲಿ ಮಾದಿ ಅವಳ ಕೈಹಿಡಿದು ಗೋಡೆಯ ಮರೆಗೆ ಎಳೆದುಕೊಂಡಳು. ತಾಯಿ ನೇರವಾಗಿ ಗುಂಡಿಗೇ ಬಂತು. ಮೂತಿಯಿಂದ ಹುಲ್ಲು ಸರಿಸಿ ನಿಧಾನವಾಗಿ ಕುಡಿಯತೊಡಗಿತು. ಕರುವೂ ಪಕ್ಕದಲ್ಲಿ ತಲೆ ತೂರಿಸಿತು. ದಾರಿ ಗೊತ್ತಿದ್ದವರ ಹಾಗಿತ್ತು ಅವುಗಳ ನಡೆ.

“ಪ್ರತಿ ವರ್ಷ ಬರುತ್ತಿದ್ದವಾ ಮಾಮಿ?” ಸರಣ್ಯಾ ಪಿಸುಗುಟ್ಟಿದಳು.

ಮಾದಿ ಗುಂಡಿಯಿಂದ ಕಣ್ಣು ಕೀಳಲಿಲ್ಲ. “ಗೊತ್ತಿಲ್ಲೆ. ಮಾರನೆಯ ದಿನ ನೋಡಿದರೆ ನೀರಿರುತ್ತಿರಲಿಲ್ಲ. ಮಣ್ಣು ಕುಡಿಯಿತು ಅಂದುಕೊಂಡಿದ್ದೆ.” ಆಮೇಲೆ ಸೊಸೆಯ ಕಡೆ ತಿರುಗಿ ಹೇಳಿದಳು: “ಬರುವ ವರ್ಷ ಗುಂಡಿಯನ್ನು ನಿನ್ನ ಗಂಡನೇ ತೋಡಲಿ.”