ಮೇಷ್ಟ್ರು ಬರೆದ ನಾಲ್ಕು ವರ್ಷ

ಕಾರು ನಿಂತಿತು. ವೇದಾ ಇಳಿಯಲಿಲ್ಲ. ಸೀಟ್ ಬೆಲ್ಟನ್ನೂ ಬಿಚ್ಚಲಿಲ್ಲ.

"ಬಾರೇ, ಸೋಷಿಯಲ್ ಸೆಕ್ಯುರಿಟಿ ಆಫೀಸ್ ಓಪನ್ ಆಗಿದೆ," ಎಂದರು ಗಂಡ ವೇಣುಗೋಪಾಲ, ಬಾಗಿಲು ತೆರೆದು ಹಿಡಿದು.

"ನಾಳೆ ಬರೋಣ ರೀ. ಮಂಡಿ ನೋಯ್ತಿದೆ."

"ಮಂಡಿಗೋಸ್ಕರಾನೇ ಅಲ್ವೇನೇ ಬಂದಿರೋದು!"

ಅದೂ ನಿಜವೇ. ಅಮೆರಿಕದ ಸೆಂಟರ್‌ವಿಲ್‌ನ ಅವರ ಮನೆಯಲ್ಲಿ ಆ ಬೇಸಿಗೆಯಿಡೀ ನಡೆದ ಜಗಳವೆಲ್ಲ ಆ ಮಂಡಿಯದ್ದೇ. ಆಪರೇಷನ್ ಆಗಲೇಬೇಕಿತ್ತು. ವೇಣುಗೋಪಾಲ ರಿಟೈರ್ ಆಗಿದ್ದರೂ ಅವರ ಕಂಪನಿ ಗಂಡಹೆಂಡಿರಿಬ್ಬರ ಆರೋಗ್ಯ ವಿಮೆಯನ್ನು ಉಳಿಸಿಕೊಟ್ಟಿತ್ತು. ಷರತ್ತು ಒಂದೇ. ಅರವತ್ತೈದು ತುಂಬಿದವರು ಈ ಆಫೀಸಿನಲ್ಲಿ ಹೆಸರು ಬರೆಸಿ, ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಸೇರಿ ಪ್ರೀಮಿಯಂ ಕಟ್ಟಬೇಕು. ಬಿಲ್ಲಿನ ದೊಡ್ಡ ಪಾಲು ಮೊದಲು ಮೆಡಿಕೇರ್ ಕೊಡುತ್ತದೆ, ಉಳಿದದ್ದನ್ನು ಕಂಪನಿ. ಸೇರದಿದ್ದರೆ ಆ ದೊಡ್ಡ ಪಾಲು ಮನೆಯವರ ತಲೆಯ ಮೇಲೆ. ಕಟ್ಟಿದ ಪ್ರೀಮಿಯಂ ಅನ್ನೂ ಕಂಪನಿಯೇ ವಾಪಸು ಕೊಡುತ್ತಿತ್ತು. ಇನ್ನೇನು ಬೇಕು, ಹೇಳಿ!

ಆದರೆ ಮೆಡಿಕೇರ್ ಎಂಬ ಹೆಸರೆತ್ತಿದರೆ ಸಾಕು, ವೇದಾ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು.

ಪಾಸ್‌ಪೋರ್ಟಿನ ಪ್ರಕಾರ ಆಕೆಗೆ ಅರವತ್ತೈದು, ಗಂಡನಿಗೆ ಅರವತ್ತನಾಲ್ಕು. ಮದುವೆಯ ಜಾತಕದ ಪ್ರಕಾರವಾದರೋ ಆಕೆ ಗಂಡನಿಗಿಂತ ಮೂರು ವರ್ಷ ಚಿಕ್ಕವರು. ಪಾಸ್‌ಪೋರ್ಟ್ ಮಾಡಿಸಿದ ದಿನದಿಂದ ಆಕೆಯದು ಒಂದೇ ಸಮಜಾಯಿಷಿ: "ಶಾಲೆಗೆ ಸೇರಿಸುವಾಗ ಮೇಷ್ಟ್ರು ನಾಲ್ಕು ವರ್ಷ ಜಾಸ್ತಿ ಬರೆದುಬಿಟ್ರು." ನಮ್ಮ ಕಡೆ ಮೇಷ್ಟ್ರು ಬರೆದ ದಿನವೇ ಹುಟ್ಟಿದವರು ಎಷ್ಟು ಮಂದಿಯಿಲ್ಲ! ಯಾರೂ ಹುಬ್ಬೇರಿಸಲಿಲ್ಲ. ಮಗಳು ಮಧುರಾ ಮಾತ್ರ ಒಮ್ಮೆ, "ವೇಟ್, ಅಮ್ಮ ಟೂ ಇಯರ್ಸ್‌ಗೇ ಫಸ್ಟ್ ಗ್ರೇಡಾ?" ಎಂದು ಕೇಳಿದ್ದಳು. ವೇಣುಗೋಪಾಲ ಕೆಮ್ಮಿ, ಅವಳ ತಟ್ಟೆಗೆ ಇನ್ನೊಂದು ದೋಸೆ ಹಾಕಿದ್ದರು.

"ನಂಗಿನ್ನೂ ಅರವತ್ತೊಂದು. ಈಗ್ಲೇ ಸೇರಿದ್ರೆ ಸರ್ಕಾರಕ್ಕೆ ಮೋಸ," ಎಂದು ಪಟ್ಟು ಹಿಡಿದಿದ್ದರು ವೇದಾ.

ಆ ದಿನ ಬೆಳಗ್ಗೆ ಕಾಫಿ ಹೀರುತ್ತ ವೇಣುಗೋಪಾಲ ತಣ್ಣಗೆ ಹೇಳಿದ್ದರು: "ಹಾಗಿದ್ರೆ ಡೇಟ್ ಆಫ್ ಬರ್ತ್ ಸರಿ ಮಾಡಿಸಿಬಿಡೋಣ. ಆಫೀಸಲ್ಲಿ ಪ್ರಮಾಣ ಮಾಡಿ ಹೇಳು, ಸಾಕು."

ಪ್ರಮಾಣ! ಈಗ ಕಾರಿನಲ್ಲಿ ಕೂತ ವೇದಾ ಸೀಟ್ ಬೆಲ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಮದುವೆಯ ಮಂಟಪದಲ್ಲೇ ಆ ಸುಳ್ಳು ವಯಸ್ಸು ಆಕೆಯ ಕಿವಿಗೆ ಬಿದ್ದಿತ್ತು. ಅಪ್ಪನನ್ನು ಕೇಳಿದರೆ, "ಬಾಯಿ ಮುಚ್ಕೊಂಡಿರು" ಎಂದಿದ್ದರು. ಅಂದು ಮುಚ್ಚಿದ ಬಾಯಿ. ಏನೂ ಅರಿಯದ ಈ ಸಾಧು ಮನುಷ್ಯನಿಗೆ ಹೇಗೆ ಹೇಳುವುದು? ಇಷ್ಟು ಕಾಲ ಮೋಸ ಮಾಡಿದಳು ಎಂದು ಮುಖ ತಿರುಗಿಸಿಕೊಂಡರೆ?

"ರೀ," ಎಂದರು ಕೊನೆಗೆ. "ಪಾಸ್‌ಪೋರ್ಟೇ ನಿಜ. ಯಾವ ಮೇಷ್ಟ್ರೂ ಏನೂ ಜಾಸ್ತಿ ಬರೀಲಿಲ್ಲ. ನಾನು ನಿಮಗಿಂತ ಒಂದು ವರ್ಷ ದೊಡ್ಡವಳು. ನಮ್ಮಪ್ಪ ಸುಳ್ಳು ಜಾತಕ ಕೊಟ್ಟು ನಿಮಗೆ ಮೋಸ ಮಾಡಿದ್ರು. ನಾನೂ ಸುಮ್ಮನಿದ್ದೆ."

ವೇಣುಗೋಪಾಲ ಬಾಗಿಲಿಗೊರಗಿ ಮುಖ ತಿರುಗಿಸಿದರು. ಅವರ ಭುಜಗಳು ಅಲುಗುತ್ತಿದ್ದವು.

"ಅಳಬೇಡಿ ರೀ!" ವೇದಾ ಗಾಬರಿಯಿಂದ ತೋಳು ಹಿಡಿದೆಳೆದರು.

ಅವರು ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

"ಅಬ್ಬಾ, ಅಂತೂ ಬಾಯಿ ಬಿಟ್ಯಲ್ಲ! ನಡಿ, ಮೆಡಿಕೇರ್‌ಗೆ ಸೈನ್ ಅಪ್ ಮಾಡೋಣ."

"ಕೋಪ ಬರ್ಲಿಲ್ವಾ? ನಮ್ಮಪ್ಪ ಅಷ್ಟು ದೊಡ್ಡ ಸುಳ್ಳು..."

"ಪಾಪ, ಅವರನ್ನ ಬೈಬೇಡ ಕಣೇ, ಅವರು ಮೊದಲು ಒಪ್ಪಲೇ ಇಲ್ಲ," ಎಂದರು ವೇಣುಗೋಪಾಲ, ಆಕೆಯ ಬೆಲ್ಟ್ ಬಿಚ್ಚುತ್ತ. "ಮೈಸೂರಿನ ಬಸ್‌ಸ್ಟಾಪಲ್ಲಿ ದಿನಾ ನಿನ್ನ ನೋಡ್ತಿದ್ದೆ. ಹುಡುಗಿ ದೊಡ್ಡವಳು ಅಂತ ಗೊತ್ತಾಗಿದ್ರೆ ನಮ್ಮಮ್ಮ ಹೊಸ್ತಿಲು ದಾಟಿಸ್ತಿರಲಿಲ್ಲ. ನಿಮ್ಮಪ್ಪನ ಕಾಲು ಹಿಡಿದು ಆ ಜಾತಕ ಬರೆಸಿದ್ದು ನಾನು."